ಸೂಟ್‌ಕೇಸಿನ ಕೊರಳ ಚೀಟಿ

ಪೈಲಟ್‌ಗಳ ವಿಶ್ರಾಂತಿ ಕೋಣೆಯ ಬೆಂಚಿನ ಮೇಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಕಂಡರೆ, ದೇಶ ದೇಶ ಸುತ್ತಿದ ಸೂಟ್‌ಕೇಸಿಗೆ ಹೊಟ್ಟೆ ಉರಿಯುತ್ತಿತ್ತು. ಡಬ್ಬಿಯ ಮುಚ್ಚಳದ ಮೇಲೆ ಮನೆಯೊಡತಿಯ ಹೆಸರು ಕೆತ್ತಿತ್ತು. ಒಳಗಿನಿಂದ ಮೆಂತ್ಯ ಸೊಪ್ಪಿನ ಪಲ್ಯದ ಘಮ ಬರುತ್ತಿತ್ತು.

"ಸಾಗರ ದಾಟುವ ದೊಡ್ಡ ವಿಮಾನ ಕೊಡುತ್ತೇವೆಂದರೂ ನಿನ್ನ ಯಜಮಾನರು ಬೇಡವೆಂದರಂತೆ. ಬೀದರಿಗೆ ಹೋಗಿಬರುವುದೂ ಒಂದು ಹಾರಾಟವೇ?" ಎಂದು ಸೂಟ್‌ಕೇಸ್ ಮೂದಲಿಸಿತು.

"ಸಂಜೆಯೊಳಗೆ ಮನೆ ಸೇರುತ್ತೇವಲ್ಲ, ನಮಗಷ್ಟು ಸಾಕು," ಎಂದಿತು ಡಬ್ಬಿ. "ಅಂದಹಾಗೆ, ನಿಮ್ಮ ಕೊರಳಿಗೆ ಕಟ್ಟಿರುವ ಚೀಟಿ ಏನು?"

"ಮನೆಯ ವಿಳಾಸ. ನಾನು ಕಳೆದುಹೋದರೆ ಸಿಕ್ಕವರು ತಲುಪಿಸಲೆಂದು ಕಟ್ಟಿದ್ದಾರೆ."

"ಹೌದೇ? ನಿಮ್ಮ ಮನೆ ಯಾವ ಬೀದಿಯಲ್ಲಿ?"

ಸೂಟ್‌ಕೇಸ್ ಬಹಳ ಹೊತ್ತು ಯೋಚಿಸಿತು. ಕೊನೆಗೆ ತಗ್ಗಿದ ದನಿಯಲ್ಲಿ, "ಸ್ವಲ್ಪ ಓದಿ ಹೇಳುತ್ತೀಯಾ?" ಎಂದು ಕೇಳಿತು.