ಪಾಠ ಮುಗಿದ ದರ್ಜಿ

"ಸ್ವಾಮಿ, ಕಲಿಸಿದ್ದೆಲ್ಲ ಬಾಯಿಪಾಠ ಬಂದವರೂ ಯಾಕೆ ಉಳಿಯುವುದಿಲ್ಲ?" ಎಂದು ಇನ್ನಾಸಪ್ಪ ಕೇಳಿದ.

ಅವನು ಚರ್ಚಿನ ಉಪದೇಶಿ. ದೊಡ್ಡವರಾದ ಮೇಲೆ ಕ್ರೈಸ್ತರಾಗಬೇಕೆಂದು ಬಂದವರಿಗೆ ಧರ್ಮ ಕಲಿಸುವುದು ಅವನ ಕೆಲಸ. ಕಳೆದ ಈಸ್ಟರ್ ಹಬ್ಬಕ್ಕೆ ಏಳು ಮಂದಿ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಏಳು ಮಂದಿಯೂ ಪೂಜೆಗೆ ಬರುವುದು ಬಿಟ್ಟಿದ್ದರು. ಹನ್ನೆರಡು ವರ್ಷದ ದುಡಿಮೆ ಮಣ್ಣುಪಾಲಾಯಿತೆಂದು ಅವನಿಗೆ ಅನ್ನಿಸಿತ್ತು. ಈ ಕೆಲಸ ಇನ್ನು ಸಾಕು ಎಂದು ಹೇಳಲೆಂದೇ ಚರ್ಚಿನ ವೃದ್ಧ ಸ್ವಾಮಿಗಳ ಬಳಿ ಬಂದಿದ್ದ.

"ಅವರ ಮನಸ್ಸೇ ಗಟ್ಟಿಯಿಲ್ಲವೋ, ನನ್ನ ಪಾಠದಲ್ಲೇ ಕೊರತೆಯೋ, ಒಂದೂ ತಿಳಿಯದು" ಎಂದ.

"ನಿನ್ನ ಪಾಠಕ್ಕೇನೂ ಆಗಿಲ್ಲ, ಕೂತುಕೋ" ಎಂದು ಸ್ವಾಮಿಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ನಲವತ್ತು ದಾಟಿದ ಮೇಲೆ ಅವನ ಮನಸ್ಸು ಯೇಸುವಿನಲ್ಲಿ ನೆಟ್ಟಿತು. ಅಣ್ಣತಮ್ಮಂದಿರು ಮುನಿಸಿಕೊಂಡು ಮನೆಗೆ ಕರೆಯುವುದನ್ನು ನಿಲ್ಲಿಸಿದರು. ಅವನು ಸಂಕಟಪಟ್ಟ, ಆದರೆ ಹಿಂದೆ ಸರಿಯಲಿಲ್ಲ.

ಆ ಊರಿನ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಜ್ಞಾನಸ್ನಾನವಾಗದವರು ಭಾನುವಾರದ ಪೂಜೆಯಲ್ಲಿ ಪ್ರಬೋಧನೆ, ಅಂದರೆ ಗುರುವಿನ ಉಪದೇಶದ ಮಾತು, ಮುಗಿಯುವವರೆಗೆ ಮಾತ್ರ ಕೂರಬೇಕು. ಆಮೇಲೆ ಪೂಜೆ ಮಾಡುವ ಗುರು ಅವರನ್ನು ಹರಸಿ ಹೊರಗೆ ಕಳಿಸುವನು. ಪಕ್ಕದ ಕೋಣೆಯಲ್ಲಿ ಉಪದೇಶಿ ಪಾಠ ಹೇಳುವನು. ದರ್ಜಿ ಎರಡು ವರ್ಷ ಹೀಗೆ ನಡುವೆಯೇ ಎದ್ದು ಹೋದ. ಗೋಡೆಯಾಚೆ ಪೂಜೆಯ ಗಂಟೆ ಕೇಳಿದಾಗಲೆಲ್ಲ ಅವನ ಜೀವ ಅತ್ತಲೇ ಎಳೆಯುತ್ತಿತ್ತು.

ಹಬ್ಬ ಬಂತು. ತಲೆಯ ಮೇಲೆ ನೀರು ಸುರಿದರು, ನಾಲಗೆಯ ಮೇಲೆ ಪ್ರಸಾದವಿಟ್ಟರು. ದರ್ಜಿ ಮಗುವಿನಂತೆ ಅತ್ತ. ಮುಂದೆ ಅವನನ್ನು ಕೈಹಿಡಿದು ನಡೆಸುವ ಹೊಣೆ ಹೊತ್ತು, ಹೆಗಲ ಮೇಲೆ ಕೈಯಿಟ್ಟು ಜ್ಞಾನಪಿತನಾಗಿ ನಿಂತವನು ಫೋಟೋ ತೆಗೆಸಿಕೊಂಡು, ಹೊಟ್ಟೆತುಂಬ ಊಟ ಮಾಡಿ, ತನ್ನೂರಿನ ಬಸ್ಸು ಹತ್ತಿದ.

ಮುಂದಿನ ಭಾನುವಾರ ಪ್ರಬೋಧನೆ ಮುಗಿಯಿತು. ಇನ್ನೂ ಜ್ಞಾನಸ್ನಾನವಾಗದ ಹೊಸಬರು ಎದ್ದು ಹೊರಟರು. ದರ್ಜಿಯ ಕಾಲು ರೂಢಿಯಂತೆ ಅವರ ಹಿಂದೆಯೇ ನಡೆಯಿತು. ಕೋಣೆಯ ಬಾಗಿಲಲ್ಲಿ ಉಪದೇಶಿ ನಕ್ಕುಬಿಟ್ಟ. "ನಿನ್ನ ಪಾಠ ಮುಗಿಯಿತಲ್ಲಪ್ಪ, ಇಲ್ಲಿ ನಿನಗಿನ್ನೇನು ಕೆಲಸ?"

ದರ್ಜಿ ತಿರುಗಿ ಬಂದ. ಅವನು ಬಿಟ್ಟೆದ್ದ ಜಾಗಕ್ಕೆ ಅಕ್ಕಪಕ್ಕದವರು ಸರಿದುಕೊಂಡಿದ್ದರು. ಚಪ್ಪಲಿ ಬಿಡುವ ಕಡೆ, ಬಾಗಿಲ ಬಳಿ ನಿಂತುಕೊಂಡ. ಮರುವಾರ ಒಳಗೆ ಬರಲು ಧೈರ್ಯವಾಗದೆ ಮೊದಲಿನಿಂದಲೂ ಅಲ್ಲೇ ನಿಂತ. ಅದರ ಮರುವಾರವೂ ನಿಂತ. ಆಮೇಲೆ ಬರಲಿಲ್ಲ.

ಇನ್ನಾಸಪ್ಪನ ಮುಖ ಬಿಸಿಯಾಯಿತು. ಆ ಉಪದೇಶಿಯ ಮಾತನ್ನು ಅವನೂ ಎಷ್ಟೋ ಜನರಿಗೆ ಆಡಿದ್ದ, ನಗುತ್ತಲೇ ಆಡಿದ್ದ. ಅವನಿಗೆ ನಾಚಿಕೆಯಾಯಿತು. ಸ್ವಾಮಿಗಳು ಅವನತ್ತ ನೋಡದೆ ಮುಂದುವರಿಸಿದರು.

ಒಂದು ದಿನ ಉಪದೇಶಿ ದರ್ಜಿಯ ಅಂಗಡಿಗೆ ಹೋದ. ದರ್ಜಿ ಮೆಷಿನ್ ತುಳಿಯುತ್ತ, ಪಾಠದಲ್ಲಿ ಕಲಿತ ವಿಶ್ವಾಸಪ್ರಮಾಣದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ಒಂದಕ್ಷರವೂ ತಪ್ಪಲಿಲ್ಲ.

"ಎಲ್ಲ ಇಷ್ಟು ಚೆನ್ನಾಗಿ ಬರುತ್ತದೆ, ಪೂಜೆಗೆ ಮಾತ್ರ ಯಾಕೆ ಬರುವುದಿಲ್ಲ?"

"ಬಂದರೆ ಎಲ್ಲಿ ಕೂರಲಿ, ಮೇಷ್ಟ್ರೇ?"

"ಎಲ್ಲಿ ಬೇಕಾದರೂ ಕೂತುಕೋ" ಎಂದು ಉಪದೇಶಿ ಹೊರಟುಬಿಟ್ಟ. ಹೊಸಬರ ಪಾಠಕ್ಕೆ ಹೊತ್ತಾಗಿತ್ತು.

ದರ್ಜಿ ಮತ್ತೆ ಚರ್ಚಿಗೆ ಬರಲಿಲ್ಲ. ಅಣ್ಣತಮ್ಮಂದಿರ ಮನೆಗೂ ಹೋಗಲಿಲ್ಲ. ಆ ಅಂಗಡಿಯಲ್ಲೇ ಮುದುಕನಾದ, ಒಬ್ಬನೇ ಸತ್ತ.

ಕೆಲಸ ಬಿಡುವ ಮಾತು ಇನ್ನಾಸಪ್ಪನಿಗೆ ಮರೆತೇ ಹೋಯಿತು.

"ಮೂರು ವಾರ ಬಾಗಿಲಲ್ಲಿ ನಿಂತನಲ್ಲ ಸ್ವಾಮಿ! ಬಾರಪ್ಪ, ನನ್ನ ಪಕ್ಕ ಕೂತುಕೋ ಎನ್ನಲು ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲವೇ?"

"ಇದ್ದರಪ್ಪ, ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು" ಎಂದರು ಸ್ವಾಮಿಗಳು.