ವಂದನೆಯಿಲ್ಲದ ಸಂಧಾನ

ಕಳೆದ ಬೇಸಿಗೆಯಲ್ಲಿ, ಕಾಡಂಚಿನಲ್ಲಿ ಉಳಿದಿದ್ದ ಒಂದೇ ಹೊಂಡಕ್ಕಾಗಿ ನಾಯಿಗಳಿಗೂ ಕೋತಿಗಳಿಗೂ ಯುದ್ಧ ಹತ್ತಿತು. ಎರಡೂ ಕಡೆ ಮರಿಗಳು ನೀರಿಲ್ಲದೆ ಸಾಯತೊಡಗಿದಾಗ ಹೊಂಡದ ಆಮೆ ಸಂಧಾನಕ್ಕೆ ಕರೆಯಿತು. ಮೊದಲು ವಂದನೆ, ಆಮೇಲೆ ಮಾತು ಎಂಬುದು ಆಮೆಯ ಹಳೆಯ ಪದ್ಧತಿ.

ನಾಯಿಗಳ ವಂದನೆಯೆಂದರೆ ಹಿಂಭಾಗ ಮೂಸುವುದು. ನಾಯಿಗಳ ಮುಖ್ಯಸ್ಥ ಬಹಳ ಗೌರವದಿಂದ ಮೂಸಿತು. ಕೋತಿಗಳ ಯಜಮಾನಿ ಅದರ ಕಪಾಳಕ್ಕೆ ಬಾರಿಸಿತು. ಮತ್ತೆ ಯುದ್ಧ. ಆಮೆ ಚಿಪ್ಪಿನೊಳಗೆ ಸೇರಿಕೊಂಡಿತು.

ಮರುದಿನದ ಸಂಧಾನವೂ ಕಪಾಳಮೋಕ್ಷದಲ್ಲೇ ಮುಗಿದಾಗ ಗೊರವಂಕ ಹಕ್ಕಿ ಬಂದು ಚಿಪ್ಪನ್ನು ಕುಕ್ಕಿತು.

"ತಾತಾ, ಆ ವಂದನೆ ಬಿಟ್ಟುಬಿಡು."

"ವಂದನೆಯಿಲ್ಲದೆ ಸ್ನೇಹ ಹೇಗೆ ಹುಟ್ಟೀತು?"

"ಸ್ನೇಹ ಯಾರು ಕೇಳಿದರು? ಅವು ಕೇಳಿದ್ದು ನೀರು. ಮಧ್ಯಾಹ್ನ ನಾಯಿಗಳು ನೆರಳು ಬಿಟ್ಟು ಏಳುವುದಿಲ್ಲ, ಆಗ ಕೋತಿಗಳು ಕುಡಿಯಲಿ. ಕತ್ತಲಾದರೆ ಕೋತಿಗಳು ಮರ ಇಳಿಯುವುದಿಲ್ಲ, ಆಗ ನಾಯಿಗಳು ಕುಡಿಯಲಿ."

"ಇದನ್ನು ಶಾಂತಿ ಅನ್ನುತ್ತಾರೇನು?"

"ಏನಾದರೂ ಅನ್ನು. ಮೊದಲು ತಲೆ ಹೊರಗೆ ಹಾಕು."

ಆಮೆ ಗೊಣಗುತ್ತಲೇ ಎರಡೂ ಬಣಗಳ ಬಳಿಗೆ ಬೇರೆಬೇರೆಯಾಗಿ ತೆವಳಿ ಹೋಗಿ ಒಪ್ಪಿಸಿ ಬಂತು.

ಅಂದಿನಿಂದ ಮಳೆ ಹಿಡಿಯುವವರೆಗೆ ಹೊಂಡದ ದಡದಲ್ಲಿ ಹುಟ್ಟಿದ ಸ್ನೇಹ ಸೊನ್ನೆ. ಸತ್ತ ಮರಿಗಳೂ ಸೊನ್ನೆ.