ಕಸ್ತೂರಿ ಆಡದ ಮಾತು

ಶಿಷ್ಯನೊಬ್ಬ ಗುರುವನ್ನು ಕೇಳಿದ:

“ಗುರುಗಳೇ, ಈಗ ಒಬ್ಬರ ಮುಖವನ್ನೂ ದನಿಯನ್ನೂ ಕಂಪ್ಯೂಟರಿನಲ್ಲಿ ಕಟ್ಟಿ, ಅವರು ಆಡದ ಮಾತನ್ನು ಅವರ ಬಾಯಲ್ಲೇ ಆಡಿಸುತ್ತಾರೆ. ಡೀಪ್‌ಫೇಕ್ ಎನ್ನುತ್ತಾರೆ ಅದನ್ನು. ಕೆಟ್ಟ ಮಾತು ಆಡಿಸಿ ಮಾನ ಕಳೆದರೆ ಅದು ಅಪರಾಧ, ಅಷ್ಟು ನನಗೆ ತಿಳಿಯುತ್ತದೆ. ಆದರೆ ಒಳ್ಳೆಯ ಮಾತನ್ನೇ ಆಡಿಸಿದ್ದರೆ? ಮಠಕ್ಕೆ ಬರುವ ಮೊದಲು ನಾನು ಕಾನೂನು ಓದಿದವನು. ಹಾನಿ ಏನಾಯಿತು ಎಂದು ಕಾನೂನು ಮೊದಲು ಕೇಳುತ್ತದೆ. ಇಲ್ಲಿ ಹಾನಿ ಯಾವುದು?”

ಗುರು ಹೇಳಿದರು: “ಕಾನೂನು ನಾನು ಓದಿಲ್ಲ. ಒಬ್ಬಳಿಗೆ ಏನಾಯಿತು ಎಂದು ಹೇಳುತ್ತೇನೆ, ಕೇಳು.”

ಒಂದು ಊರಿನ ಪೇಟೆಯಲ್ಲಿ ತಾಯಿ ಮಗಳು ಬಳೆ ಅಂಗಡಿ ಇಟ್ಟುಕೊಂಡಿದ್ದರು. ಮಗಳ ಹೆಸರು ಕಸ್ತೂರಿ. ತಾಯಿಗೆ ಅವಳೊಬ್ಬಳೇ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು, ಬಾಯಲ್ಲಿ ಮಾತು ಬಾರದು. ಚಿಕ್ಕವಳಿದ್ದಾಗ ಕಿವುಡ ಮಕ್ಕಳ ಶಾಲೆಗೆ ಹೋಗಿ ಕೈಯಿಂದ ಮಾತಾಡುವುದನ್ನು ಕಲಿತಳು. ತಾಯಿ ಶಾಲೆಯ ಮುಖ ಕಂಡವಳಲ್ಲ. ಆದರೂ ಮಗಳ ಎದುರು ಕೂತು ಒಂದೊಂದಾಗಿ ಆ ಸನ್ನೆಗಳನ್ನು ಕಲಿತಳು. ಅಂಗಡಿಯಲ್ಲಿ ಇಬ್ಬರೂ ದಿನವಿಡೀ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು, ಕೈಯಲ್ಲೇ ಜಗಳವಾಡುತ್ತಿದ್ದರು, ಗಿರಾಕಿಗಳ ಬಗ್ಗೆ ಗಿರಾಕಿಗಳ ಎದುರಿಗೇ ಚೇಷ್ಟೆ ಮಾಡಿ ನಗುತ್ತಿದ್ದರು. ಎಂಥ ಗಡಸು ಕೈಗೂ ಕಸ್ತೂರಿ ಬಳೆ ಒಡೆಯದೆ ತೊಡಿಸುತ್ತಿದ್ದಳು. ಹೆಂಗಸರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಒಂದು ದಿನ ಔಷಧಿ ವ್ಯಾಪಾರಿಯೊಬ್ಬ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಹೆಂಡತಿ ಬಳೆ ತೊಡಿಸಿಕೊಳ್ಳುವಾಗ ಅವನು ಮೊಬೈಲಿನಲ್ಲಿ ವೀಡಿಯೊ ತೆಗೆದ. ಬಂದವರೆಲ್ಲ ತೆಗೆಯುತ್ತಾರೆ. ಕಸ್ತೂರಿ ಮೊಬೈಲಿನತ್ತ ನೋಡಿ ನಕ್ಕಳು.

ಕೆಲವು ತಿಂಗಳ ಮೇಲೆ ಪಕ್ಕದ ಅಂಗಡಿಯವನು ತಾಯಿಗೆ ಒಂದು ವೀಡಿಯೊ ತಂದು ತೋರಿಸಿದ. ಮೊದಲು ಕಸ್ತೂರಿ ಬಳೆ ತೊಡಿಸುತ್ತಾ ಕೈಸನ್ನೆ ಮಾಡುತ್ತಿದ್ದಳು. ಕೆಳಗೆ ಅವಳ ಹೆಸರು, ಊರಿನ ಹೆಸರು, ‘ಹುಟ್ಟುಮೂಗಿ’ ಎಂಬ ಮಾತು. ಅದರ ನಂತರ ಅದೇ ಕಸ್ತೂರಿ ಹೊಸ ಸೀರೆಯುಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಾಯಿ ತೆರೆದು ಹೇಳಿದಳು: “ಅವ್ವಾ, ನಾನು ಮಾತಾಡ್ತಿದ್ದೀನಿ. ಕೇಳಿಸ್ತದಾ ಅವ್ವಾ?” ಆಮೇಲೆ ಒಂದು ನಾಟಿ ಔಷಧಿಯ ಹೆಸರು ಹೇಳಿ, ಇದರ ಹನಿಗಳಿಂದಲೇ ತನಗೆ ಮಾತು ಬಂತು ಎಂದಳು.

ದನಿ ಇಂಪಾಗಿತ್ತು. ಆ ಮುಖಕ್ಕೆ ಹೊಂದುವ ಹಾಗಿತ್ತು.

ಊರಿನವರು ನಕ್ಕರು. ಕಸ್ತೂರಿಗೆ ಮಾತು ಬಾರದೆಂಬುದು ಪೇಟೆಗೆಲ್ಲ ಗೊತ್ತು. ಊರಿನ ಮಟ್ಟಿಗೆ ಆ ಸುಳ್ಳು ಅಂದೇ ಮುಗಿಯಿತು. ಆದರೆ ವ್ಯಾಪಾರಿ ಆ ಊರಿನವರಿಗಾಗಿ ಅದನ್ನು ಮಾಡಿರಲಿಲ್ಲ.

ಪರ ಊರುಗಳಿಂದ ಜನ ಬರತೊಡಗಿದರು. ಅವರವರ ಮನೆಯಲ್ಲಿ ಮಾತು ಬಾರದ ಮಗುವೋ ತಮ್ಮನೋ ಇರುತ್ತಿದ್ದರು. ಅವರು ಬಳೆ ಅಂಗಡಿಯ ಮುಂದೆ ನಿಂತು “ಮಾತಾಡಮ್ಮ, ಒಂದು ಮಾತು ಆಡು” ಎಂದು ಬೇಡಿಕೊಳ್ಳುತ್ತಿದ್ದರು. ತಾಯಿ ಅದು ಸುಳ್ಳೆಂದು ಹೇಳಿದರೆ ಮೊಬೈಲು ತೆಗೆದು ತಾಯಿಗೇ ತೋರಿಸುತ್ತಿದ್ದರು. ಮುದುಕಿಯೊಬ್ಬಳು ಕಸ್ತೂರಿಯ ಕಾಲು ಹಿಡಿದಳು. ಇನ್ನೊಬ್ಬಳು, ಇವಳು ಮೂಗಿಯ ಹಾಗೆ ನಟಿಸುತ್ತಿದ್ದಾಳೆ ಎಂದು ಅವಳ ತೋಳನ್ನು ಜೋರಾಗಿ ಚಿವುಟಿ ನೋಡಿದಳು. ಕಣ್ಣೆದುರು ನಿಂತವಳನ್ನು ಬಿಟ್ಟು ಕೈಯಲ್ಲಿದ್ದ ವೀಡಿಯೊವನ್ನು ನಂಬಿದರು.

ಕಸ್ತೂರಿ ಇದನ್ನೆಲ್ಲ ಸಹಿಸಿಕೊಂಡಳು. ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡಳು.

ಒಂದು ಮಧ್ಯಾಹ್ನ ದೂರದ ಜಿಲ್ಲೆಯಿಂದ ಮನೆ ಕಟ್ಟುವ ಒಬ್ಬ ಗೌಂಡಿ ಕೆಲಸದವನು ತನ್ನ ಮಗಳನ್ನು ಕರೆದುಕೊಂಡು ಬಂದ. ಆ ಹುಡುಗಿಗೂ ಕಿವಿ ಕೇಳಿಸದು. ಕಸ್ತೂರಿ ತಾಯಿಯ ಜೊತೆ ಕೈಯಲ್ಲಿ ಮಾತಾಡುತ್ತಿದ್ದುದನ್ನು ಕಂಡದ್ದೇ ಆ ಹುಡುಗಿ ಅಂಗಡಿಯ ಒಳಗೇ ನುಗ್ಗಿ ಬಂದಳು. ತನ್ನ ಶಾಲೆ, ತನ್ನ ಗೆಳತಿ, ಮನೆಯಲ್ಲಿ ಮರಿ ಹಾಕಿದ ಮೇಕೆ, ಎಲ್ಲವನ್ನೂ ಒಂದೇ ಉಸಿರಿಗೆ ಕೈಯಲ್ಲಿ ಹೇಳತೊಡಗಿದಳು. ಬಹಳ ದಿನ ಯಾರ ಜೊತೆಗೂ ಮಾತಾಡದವಳ ಹಾಗಿದ್ದಳು.

ತಂದೆ ಓಡಿ ಬಂದು ಅವಳ ಎರಡೂ ಕೈಗಳನ್ನು ತನ್ನ ಅಂಗೈಗಳಲ್ಲಿ ಹಿಡಿದುಕೊಂಡ.

“ಕೈ ಆಡಿಸಬ್ಯಾಡ ಅಂದೀನಲ್ಲ ಪುಟ್ಟಿ. ಔಷಧ ಹತ್ತೂದಿಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. ಅಭ್ಯಾಸವಾದವಳ ಹಾಗೆ ಸುಮ್ಮನೆ ನಿಂತಳು.

ತಾಯಿ ಏನೆಂದು ಕೇಳಿದಳು. ಅವನು ಹೇಳಿದ: “ಮಾತು ಬರೂತನಾ ಕೈಸನ್ನೆ ಬಂದ್ ಮಾಡಬೇಕಂತ್ರೀ. ಔಷಧದವ್ರು ಹೇಳ್ಯಾರ. ಸಾಲಿನೂ ಬಿಡಿಸೀನಿ. ನಿಮ್ಮ ಮಗಳಿಗೆ ಬಂದಂಗ ಇಕಿಗೂ ಬರ್ಲಿ ಅಂತ ನೋಡಾಕ ಕರಕೊಂಡು ಬಂದೆ.”

ಕಸ್ತೂರಿಗೆ ಅವನ ಮಾತು ಕೇಳಿಸಲಿಲ್ಲ. ಹಿಡಿದ ಕೈಗಳು ಕಂಡವು. ತಾಯಿ ಉಳಿದದ್ದನ್ನು ತಿಳಿಸಿದಳು. ಕಸ್ತೂರಿ ಎದ್ದು ಅಂಗಡಿಯ ಬಾಗಿಲು ಎಳೆದು, ತಾನು ಓದಿದ ಶಾಲೆಗೆ ಹೋದಳು. ಅಲ್ಲಿಯ ಟೀಚರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದಳು. ಅವಳ ಕೈಮಾತನ್ನು ಬಾಯಿಮಾತಿನಲ್ಲಿ ಹೇಳಲು ಆ ಟೀಚರೇ ಬೇಕಿತ್ತು.

ಠಾಣೆಯ ಅಧಿಕಾರಿ ಕೆಟ್ಟವನಲ್ಲ. ವೀಡಿಯೊವನ್ನು ಪೂರ್ತಿ ನೋಡಿ ಹೇಳಿದ: “ಯಾವ ಕಲಮಿನಲ್ಲಿ ಹಾಕಲಿ ಹೇಳಿ ಟೀಚರೇ. ಮಾನಹಾನಿ ಅನ್ನೋಣ ಅಂದರೆ ಹೊಗಳಿ ಕೂರಿಸಿದ್ದಾರೆ. ಅಶ್ಲೀಲ ಅನ್ನೋಣ ಅಂದರೆ ಮೈತುಂಬ ಸೀರೆ ಉಡಿಸಿದ್ದಾರೆ. ಮೋಸ ಅಂದರೆ, ಮೋಸ ಹೋದವರು ಔಷಧಿ ಕೊಂಡವರು. ಅವರು ಒಬ್ಬರೂ ದೂರು ಕೊಟ್ಟಿಲ್ಲ. ಇವರಿಗೆ ಆದದ್ದೇನು?”

ಟೀಚರು ಅದನ್ನು ಕೈಯಲ್ಲಿ ತಿಳಿಸಿದರು. ಕಸ್ತೂರಿ ಕೈಯೆತ್ತಿ ಉತ್ತರ ಕೊಟ್ಟಳು: “ಅದರಲ್ಲಿ ನನ್ನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿವೆ. ನನ್ನ ಮಾತು ಇರುವುದು ಅಲ್ಲಿ. ಮೊದಲು ಮಾತು ಕಿತ್ತುಕೊಂಡು ಆಮೇಲೆ ಮಾತು ಕೊಟ್ಟೆ ಎಂದಿದ್ದಾರೆ.”

ಅಧಿಕಾರಿ ತನಗೆ ಹೊಂದಿಕೆಯಾಗಿ ಕಂಡ ಕಲಮುಗಳನ್ನು ಹಾಕಿ ದೂರು ಬರೆದುಕೊಂಡ.

ಮೊಕದ್ದಮೆ ನಡೆಯಿತು. ವ್ಯಾಪಾರಿಯ ವಕೀಲ ಮೊದಲು ವಾದಿಸಿದ್ದು, ವೀಡಿಯೊದಲ್ಲಿರುವವಳು ಈಕೆಯೇ, ಒಪ್ಪಿಯೇ ಮಾತಾಡಿದ್ದಾಳೆ, ಈಗ ಮೂಗಿಯಂತೆ ನಟಿಸುತ್ತಿದ್ದಾಳೆ ಎಂದು. ಹೀಗಾಗಿ ಮಾತಾಡದ ಕಸ್ತೂರಿಯೇ ತನಗೆ ಮಾತು ಬಾರದೆಂದು ಸಾಬೀತು ಮಾಡಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಿವಿ ನೋಡಿದರು, ಗಂಟಲು ನೋಡಿದರು, ಹಿಂದಿನಿಂದ ತಟ್ಟೆ ಬಾರಿಸಿ ನೋಡಿದರು. ಸರ್ಟಿಫಿಕೇಟು ಬಂತು. ಆಗ ಅದೇ ವಕೀಲ ವಾದ ತಿರುಗಿಸಿದ. ವೀಡಿಯೊದಲ್ಲಿರುವವಳು ಈಕೆಯಲ್ಲ, ಕಂಪ್ಯೂಟರು ಕಟ್ಟಿದ ಚಿತ್ರ ಅದು, ಅದು ಯಾರ ಮುಖವೂ ಅಲ್ಲ, ಯಾರ ಮುಖವೂ ಅಲ್ಲದ ಮೇಲೆ ದೂರು ಕೊಡಲು ಈಕೆ ಯಾರು ಎಂದ.

ನ್ಯಾಯಾಧೀಶೆ ಕೇಳಿದರು: “ಯಾರ ಮುಖವೂ ಅಲ್ಲವಾದರೆ ಈಕೆಯ ಹೆಸರು, ಈಕೆಯ ಊರು ಏಕೆ ಬರೆದಿರಿ?”

ಈಕೆಗೆ ಆದ ನಷ್ಟವನ್ನು ಈಕೆ ಹೇಳಲಿ ಎಂದಷ್ಟೇ ಹೇಳಿ ವಕೀಲ ಕೂತ.

ಇದರ ನಡುವೆ ಮನೆಯಲ್ಲಿ ಇನ್ನೊಂದು ನಡೆದಿತ್ತು. ವಿಚಾರಣೆಗೆ ಸಿದ್ಧ ಮಾಡಲು ಟೀಚರು ಒಂದು ದಿನ ಅವರ ಮನೆಗೆ ಹೋದಾಗ ಕಸ್ತೂರಿ ಅಂಗಡಿಯಲ್ಲಿದ್ದಳು. ತಾಯಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಅದರೊಳಗಿನಿಂದ “ಅವ್ವಾ, ಕೇಳಿಸ್ತದಾ ಅವ್ವಾ?” ಎಂಬ ದನಿ ಬರುತ್ತಿತ್ತು. ಮುಗಿದೊಡನೆ ತಾಯಿ ಮತ್ತೆ ಹಚ್ಚುತ್ತಿದ್ದಳು. ಟೀಚರನ್ನು ಕಂಡು ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಸುಳ್ಳು ಅಂತ ನನಗ ಗೊತ್ತಿಲ್ಲೇನ್ರೀ ಟೀಚರ್?” ಎಂದಳು. “ಆದ್ರ ಅವ್ವಾ ಅಂತೈತ್ರೀ. ನನ್ನ ಯಾರೂ ಹಂಗ ಕರದಿಲ್ಲ.”

ಟೀಚರು ಅದನ್ನು ಅಳಿಸಿಬಿಡಿ ಎಂದರು. ತಾಯಿ ಆಗಲಿ ಎಂದು ತಲೆಯಾಡಿಸಿದಳು. ಟೀಚರು ಈ ಸಂಗತಿಯನ್ನು ಕಸ್ತೂರಿಗೆ ತಿಳಿಸಲಿಲ್ಲ. ಕಿವಿ ಕೇಳದ ಮಗಳಿಗೆ ಇದು ಎಂದೂ ಗೊತ್ತಾಗುವುದಿಲ್ಲ ಎಂದುಕೊಂಡರು.

ವಿಚಾರಣೆಯ ದಿನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನ್ಯಾಯಾಧೀಶೆ ಕಸ್ತೂರಿಯನ್ನು ಕೇಳಿದರು: “ಈ ವೀಡಿಯೊದಿಂದ ನಿಮಗೆ ಆದ ನಷ್ಟವೇನು?”

ಕಸ್ತೂರಿ ಮೊದಲು ಆ ಹುಡುಗಿಯ ಕೈಗಳ ವಿಷಯ ಹೇಳಿದಳು. ತೋಳು ಚಿವುಟಿಸಿಕೊಂಡದ್ದನ್ನು ಹೇಳಿದಳು. ಅವಳ ಕೈ ನಡೆದಂತೆ ಟೀಚರು ಬಾಯಲ್ಲಿ ಹೇಳುತ್ತಾ ಹೋದರು. ಆಮೇಲೆ ಕಸ್ತೂರಿಯ ಕೈಗಳು ತಡೆದವು. ಮತ್ತೆ ಎತ್ತಿ ಇನ್ನೊಂದು ಮಾತು ಹೇಳಿದಳು. ಟೀಚರು ಅದನ್ನು ಹೇಳಲಿಲ್ಲ.

“ಏನೆಂದರು?” ಎಂದು ನ್ಯಾಯಾಧೀಶೆ ಕೇಳಿದರು.

ಟೀಚರು ಹೇಳಿದರು: “ನಾನು ಮಾತಾಡುವಾಗ ಅವ್ವ ಈಗ ನನ್ನ ಕೈ ನೋಡುವುದಿಲ್ಲ. ಬಾಯಿ ನೋಡುತ್ತಾಳೆ ಎನ್ನುತ್ತಿದ್ದಾರೆ.”

ಹಿಂದಿನ ಬೆಂಚಿನಲ್ಲಿ ತಾಯಿ ತಲೆ ತಗ್ಗಿಸಿದಳು. ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿ, ಅಲ್ಲಿಂದ ಮುಂದೆ ಟೀಚರನ್ನು ನೋಡದೆ ಕಸ್ತೂರಿಯ ಕೈಗಳನ್ನೇ ನೋಡುತ್ತಾ ಕೇಳಿಸಿಕೊಂಡರು.

ತೀರ್ಪು ಕಸ್ತೂರಿಯ ಪರವಾಗಿ ಬಂತು. ಕಂಪ್ಯೂಟರು ಕಟ್ಟಿದ್ದಾದರೂ ನೋಡಿದವರು ಯಾರನ್ನು ಗುರುತಿಸುತ್ತಾರೋ ಮುಖ ಅವರದೇ ಎಂದು ಅದರಲ್ಲಿ ಹೇಳಿತ್ತು. ಒಪ್ಪಿಗೆ ಪಡೆದೆ ಎನ್ನುವವನೇ ಅದನ್ನು ತೋರಿಸಬೇಕು, ಆಡದವರು ಆಡಿಲ್ಲವೆಂದು ಸಾಬೀತು ಮಾಡುತ್ತಾ ಅಲೆಯಬೇಕಾಗಿಲ್ಲ ಎಂದಿತ್ತು. ಹೊಗಳಿಕೆಯಾದರೂ ಕೇಳದೆ ಬಾಯಿಗೆ ತುರುಕಿದ್ದು ತಪ್ಪೇ ಎಂದಿತ್ತು. ಸುಳ್ಳು ಔಷಧಿ ಮಾರಿದ್ದಕ್ಕೆ ವ್ಯಾಪಾರಿಗೆ ಶಿಕ್ಷೆಯಾಯಿತು. ವೀಡಿಯೊ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆಯಬೇಕೆಂದು ಆದೇಶವಾಯಿತು. ತೆಗೆದರು. ಬೇರೆ ಹೆಸರಿನಲ್ಲಿ ಮತ್ತೆ ಬಂತು. ಟೀಚರು ಆದೇಶದ ಪ್ರತಿ ಕಳಿಸಿದರು, ಮತ್ತೆ ತೆಗೆದರು. ಈ ಕೆಲಸ ಈಗಲೂ ಆಗಾಗ ಇದೆ.

ಕಸ್ತೂರಿ ತಾನೇ ಒಂದು ವೀಡಿಯೊ ಮಾಡಿಸಿದಳು. ಅದರಲ್ಲಿ ಅವಳು ಬಳೆ ಅಂಗಡಿಯಲ್ಲಿ ನಿಂತು, ನಿಮ್ಮ ಮಕ್ಕಳ ಕೈ ಹಿಡಿಯಬೇಡಿ ಎಂದು ಕೈಯಲ್ಲಿ ಹೇಳಿದಳು; ಟೀಚರು ಅದನ್ನು ಬಾಯಲ್ಲಿ ಹೇಳಿದರು. ಅದನ್ನು ನೋಡಿದವರು ಕಡಿಮೆ. ಆದರೆ ಗೌಂಡಿ ಕೆಲಸದವನು ನೋಡಿದ. ಮಗಳನ್ನು ಮತ್ತೆ ಶಾಲೆಗೆ ಕಳಿಸಿದ. ತಾನೂ ಶನಿವಾರ ಶಾಲೆಗೆ ಹೋಗಿ ಕೈಮಾತು ಕಲಿಯುತ್ತಿದ್ದಾನೆ.

ತೀರ್ಪು ಬಂದ ದಿನ ಮನೆಗೆ ಬಂದ ಮೇಲೆ ತಾಯಿ ಮೊಬೈಲು ತಂದು ಮಗಳ ಮುಂದೆ ಇಟ್ಟಳು. “ನನ್ನ ಕೈಲಿ ಆಗೂದಿಲ್ಲ, ನೀನ ಅಳಿಸಿಬಿಡು” ಎಂದು ಕೈಯಲ್ಲಿ ಹೇಳಿದಳು. ಕಸ್ತೂರಿ ವೀಡಿಯೊ ಹಚ್ಚಿದಳು. ತನ್ನ ಬಾಯಿ ಅಲುಗುವುದನ್ನು ನೋಡಿದಳು. ಅದು ಏನನ್ನುತ್ತಿದೆ ಎಂದು ಅವಳಿಗೆ ಕೇಳಿಸದು. ತಾಯಿಯ ಮುಖ ನೋಡಿದಳು. ತಾಯಿ ಕಣ್ಣುಮುಚ್ಚಿ ಕೇಳುತ್ತಿದ್ದಳು.

ಕಸ್ತೂರಿ ವೀಡಿಯೊ ಅಳಿಸದೆ ಮೊಬೈಲನ್ನು ಹಾಗೆಯೇ ತಾಯಿಯ ಕೈಗೆ ಕೊಟ್ಟಳು. ತಾಯಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ, “ನಾನು ಇಲ್ಲಿದ್ದೇನೆ, ಇತ್ತ ನೋಡು” ಎಂದಳು. ತಾಯಿ ಅವಳ ಕೈ ನೋಡಿದಳು. ನೋಡುತ್ತಿದ್ದ ಹಾಗೆಯೇ ಕಣ್ಣು ಬಾಯಿಯ ಕಡೆ ಏರಿತು. ತಾಯಿ ಅದನ್ನು ತಿಳಿದು ಕಣ್ಣನ್ನು ಮತ್ತೆ ಕೈಗೆ ಇಳಿಸಿಕೊಂಡಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: “ತೀರ್ಪು ಸರಿಯಾಗಿಯೇ ಬಂತು, ಗುರುಗಳೇ. ಆದರೆ ಆ ತಾಯಿ? ಆಮೇಲಾದರೂ ಅದನ್ನು ಅಳಿಸಿದಳೇ?”

ಗುರು ಹೇಳಿದರು: “ಕೆಟ್ಟ ಮಾತು ಆಡಿಸಿದ್ದರೆ ಅಂದೇ ಅಳಿಸಿಬಿಡುತ್ತಿದ್ದಳು.”